ಉಪ್ಪಿಲ್ಲದ ಪುರಿ

ಮೊನ್ನೆ ಹುಣಸೂರಿನಲ್ಲಿ ಕನ್ನಡಕ ರಿಪೇರಿಗೆ ಕೊಟ್ಟು, ಅದು ಆಗುವವರೆಗೆ ಪೇಟೆಬೀದಿಯಲ್ಲಿ ಅಡ್ಡಾಡುತ್ತಿದ್ದೆ. ಕಣ್ಣಿಗೆ ಎಲ್ಲವೂ ಮಂಜು ಮಂಜು, ಮೂಗು ಮಾತ್ರ ಚುರುಕಾಗಿತ್ತು. ಎಲ್ಲಿಂದಲೋ ಕಾದ ಮರಳಿನ ವಾಸನೆ ಬಂತು. ಮರಳಿಗೂ ವಾಸನೆ ಇರುತ್ತದೆಯೇ ಎಂದು ಕೇಳುವವರು ಪುರಿ ಭಟ್ಟಿಯ ಪಕ್ಕದ ಮನೆಯಲ್ಲಿ ಸಂಸಾರ ಮಾಡಿದವರಲ್ಲ. ಮೊದಲು ಸುಟ್ಟ ಮಣ್ಣಿನ ವಾಸನೆ. ಅದರ ಮೇಲೆ ಅಕ್ಕಿ ಬಿದ್ದ ಕೂಡಲೇ ಎಳೆಮಗುವಿನ ನೆತ್ತಿಯ ಹಾಗೆ ಒಂದು ಹಾಲುವಾಸನೆ...

ಜಾಡು ಹಿಡಿದು ಒಂದು ಓಣಿಯೊಳಕ್ಕೆ ಹೋದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಯುವಕನೊಬ್ಬ ದೊಡ್ಡ ಬಾಣಲೆಯಲ್ಲಿ ಪುರಿ ಹುರಿಯುತ್ತಿದ್ದ. ಒಂದು ಪೊಟ್ಟಣ ತಗೊಂಡು ಬಾಯಿಗೆ ಹಾಕಿಕೊಂಡರೆ ಉಪ್ಪು. "ಉಪ್ಪಿಲ್ಲದ್ದು ಇದೆಯೇನಪ್ಪ?" ಎಂದೆ. "ಉಪ್ಪಿಲ್ದಿರೋ ಪುರಿ ಯಾರ್ ತಿಂತಾರೆ ಆಂಟಿ?" ಎಂದು ನಕ್ಕ. ನಿಜವೇ. ಯಾರು ತಿನ್ನುತ್ತಾರೆ? ತಿನ್ನುತ್ತಿದ್ದವರು ಈಗಿಲ್ಲ, ಮಾಡುತ್ತಿದ್ದಾಕೆಯೂ ಇಲ್ಲ. ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದರೂ ಕಣ್ಣಿನ ಮಂಜು ಹೋಗಲಿಲ್ಲ.

ನಾನು ಬೆಟ್ಟದಪುರದ ಕಡೆಯವಳು. ನಮ್ಮದು ಹೊಗೆಸೊಪ್ಪಿನ ಸೀಮೆ. ಹುಟ್ಟಿದಾಗಿಂದ ಸೊಪ್ಪು ಹದಮಾಡುವ ಬ್ಯಾರನ್ನಿನ ಬಿಸಿಯಲ್ಲಿ ಬೆಳೆದವಳು, ನೀರೆಂದರೆ ಕೆರೆ ಇಲ್ಲವೇ ಬೋರು. ಮದುವೆ ಮಾಡಿ ಕೆ.ಆರ್. ನಗರ ತಾಲ್ಲೂಕಿನ ಹೊಳೆದಂಡೆಯ ಊರಿಗೆ ಕಳಿಸಿದರು. ಹೊಳೆ ಎಂದರೆ ಕಾವೇರಿ. ಬಂದ ಹೊಸತರಲ್ಲಿ ಹೊಳೆಯ ಸದ್ದಿಗೆ ನಿದ್ದೆಯೇ ಬರುತ್ತಿರಲಿಲ್ಲ. ಯಾರೋ ಪಕ್ಕದ ಕೋಣೆಯಲ್ಲಿ ನಲ್ಲಿ ಬಿಟ್ಟು ಮರೆತಿದ್ದಾರೆ ಅನ್ನಿಸುತ್ತಿತ್ತು.

ನಮ್ಮ ಮನೆಗೆ ಒಂದೇ ಗೋಡೆ ಹಂಚಿಕೊಂಡ ಮನೆ ಆಕೆಯದು. ಊರಿಗೆಲ್ಲ ಪುರಿಯತ್ತೆ. ನನಗೂ ಅತ್ತೆಯೇ. ಸ್ವಂತ ಅತ್ತೆ ಗೋಡೆಯೀಚೆ, ಈಕೆ ಗೋಡೆಯಾಚೆ. ಇಬ್ಬರಲ್ಲಿ ಯಾರು ಹೆಚ್ಚು ಬಯ್ಯುತ್ತಿದ್ದರು ಎಂದು ಹೇಳುವುದು ಕಷ್ಟ. ಗಂಡ ಬೇಗ ತೀರಿಕೊಂಡಿದ್ದರು, ಅವರು ಬಿಟ್ಟುಹೋದ ಪುರಿ ಭಟ್ಟಿಯೇ ಹೊಟ್ಟೆಗೆ ದಾರಿ. ಕೆಂಡದ ಮುಂದೆ ಕೂತು ಕೂತು ಮುಖ ಕಂಚಿನ ಬಣ್ಣಕ್ಕೆ ತಿರುಗಿತ್ತು. ಮಾತು ಅದಕ್ಕಿಂತ ಬಿಸಿ. "ಏನೇ ಬೆಟ್ಟದವ್ಳೆ, ನೀರ್ ಕಂಡ್ರೆ ದೆವ್ವ ಕಂಡಂಗ್ ನಿಂತ್ಕತೀಯಲ್ಲ, ಬಾ ಇಲ್ಲಿ" ಎಂದು ಕೈ ಹಿಡಿದು ನನ್ನನ್ನು ಹೊಳೆಗೆ ಇಳಿಸಿದವಳು ಆಕೆಯೇ.

ನಮ್ಮೂರಿನ ಹತ್ತಿರ ಹೊಳೆಗೆ ಅಡ್ಡಲಾಗಿ ಹಳೆಯ ಕಲ್ಲುಕಟ್ಟೆಯೊಂದಿದೆ, ನಾಲೆಗೆ ನೀರು ತಿರುಗಿಸಲು ರಾಜರ ಕಾಲದಲ್ಲಿ ಕಟ್ಟಿಸಿದ್ದಂತೆ. ಅದರ ಮೇಲುಗಡೆ ನೀರು ನಿಂತು ಆಳವಾದ ಮಡುವಾಗಿದೆ. ದಡದಲ್ಲಿ ಮಡುವಿನಮ್ಮನ ಗುಡಿ. ಗುಡಿಯ ಮೆಟ್ಟಿಲು ನೀರಿನೊಳಕ್ಕೇ ಇಳಿಯುತ್ತದೆ. ಆ ಮಡುವಿನಲ್ಲಿ ಬಿಳಿಮೀನುಗಳಿದ್ದವು. ಹೆಸರು ಬಿಳಿಮೀನಾದರೂ ಬಿಸಿಲಿಗೆ ಹೊರಳಿದರೆ ಹೊನ್ನಿನ ಬಣ್ಣ, ರೆಕ್ಕೆಗಳು ಅರಿಸಿನ ಕೆಂಪು, ಹುರುಪೆ ಒಂದೊಂದೂ ವೀಳ್ಯದೆಲೆಯ ಚಿಗುರಿನಷ್ಟು ದೊಡ್ಡದು. ಮೆಟ್ಟಿಲ ಮೇಲೆ ನಿಂತು ಪುರಿ ಎರಚಿದರೆ ಕಾಲಬುಡಕ್ಕೇ ಬರುತ್ತಿದ್ದವು. ಅವು ದೇವರ ಮೀನು. ಮುಟ್ಟಿದರೆ ಮನೆಗೆ ಕೇಡು. ಆದರೆ ಅದೇ ಮೀನು ಕಟ್ಟೆ ದಾಟಿ ಕೆಳಕ್ಕೆ ಹೋದರೆ ದೇವರ ಲೆಕ್ಕದಿಂದ ಹೊರಗೆ. ಅಲ್ಲಿ ಬೆಸ್ತರು ಬಲೆ ಹಾಕುತ್ತಿದ್ದರು. ನಾನು ಇದೆಂಥ ನ್ಯಾಯ ಎಂದು ಕೇಳಿದ್ದಕ್ಕೆ ಅತ್ತೆ, "ಕಟ್ಟೆ ಈಚೆಗಿದ್ರೆ ದ್ಯಾವ್ರು, ಆಚೆಗೋದ್ರೆ ಸಾರು. ಅಷ್ಟೇ ಕಣವ್ವ ನ್ಯಾಯ" ಎಂದಿದ್ದಳು. ಆಕೆ ಮಾಡುತ್ತಿದ್ದ ಮೀನುಸಾರು ತಿಂದ ಮೇಲೆ ನಾನೂ ಆ ನ್ಯಾಯಕ್ಕೆ ತಕರಾರು ಎತ್ತಲಿಲ್ಲ.

ಗುಡಿಗೆ ಬಂದವರು ಮೀನಿಗೆ ಹಾಕುವ ಪುರಿಯನ್ನು ಅತ್ತೆಯ ಹತ್ತಿರವೇ ಕೊಳ್ಳುತ್ತಿದ್ದರು. ಮನುಷ್ಯರಿಗೆ ಬೇರೆ, ಮೀನಿಗೆ ಬೇರೆ. ಮನುಷ್ಯರ ಪುರಿಯ ಅಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದರೆ, ಮೀನಿನದಕ್ಕೆ ಹೊಳೆಯ ನೀರು ಮಾತ್ರ. "ಯಾಕತ್ತೆ, ಮೀನಿಗೂ ಬಿಪಿ ಬರುತ್ತಾ?" ಎಂದು ನಾನು ರೇಗಿಸಿದ್ದೆ. "ಸೀನೀರಲ್ಲಿ ಉಟ್ಟಿದ ಜೀವ ಕಣೇ ಅವು. ಅವುಕ್ಯಾಕೆ ಉಪ್ಪು? ನಾನ್ ತಿನ್ನೋ ಅನ್ನ ಅವು ಕೊಟ್ಟುದ್ದು. ಉಪ್ಪಾಕಿ ಋಣ ತೀರ್ಸಲಾ?" ಎಂದು ಸೌಟು ಎತ್ತಿಕೊಂಡು ಬಂದಿದ್ದಳು. ಹುರಿಯುವ ಮರಳಿಗೂ ಒಂದು ಕ್ರಮವಿತ್ತು. ಕೊಡಗಿನ ಮಳೆ ಇಳಿದು ಕೆನ್ನೀರು ತಿಳಿಯಾದ ಮೇಲೆ ಹೊಸ ಮರಳು ತಂದು ತೊಳೆದು ಜರಡಿ ಹಿಡಿಯುವುದು, ವರ್ಷವೆಲ್ಲ ಕಾದು ಕಪ್ಪಾದ ಹಳೆ ಮರಳನ್ನು ಹೊಳೆಗೇ ಒಪ್ಪಿಸಿ ಕೈ ಮುಗಿಯುವುದು. ತಗೊಂಡಿದ್ದನ್ನು ತಂದು ಕೊಡಬೇಕು ಎನ್ನುವುದು ಆಕೆಗೆ ಉಸಿರಾಡಿದಷ್ಟೇ ಸಹಜವಾಗಿತ್ತು.

ಮೀನುಗಳಲ್ಲಿ ಒಂದನ್ನು ಆಕೆ ದೊಡ್ಡಯ್ಯ ಎನ್ನುತ್ತಿದ್ದಳು. ಬಾಲದಲ್ಲಿ ಕಚ್ಚು ಬಿದ್ದ ಹಳೆಯ ಮೀನು. ಬೇರೆ ಮೀನು ಮುಗಿಬಿದ್ದರೆ ಅದು ದೂರ ನಿಂತು ಕಾಯುತ್ತಿತ್ತು. ಎಲ್ಲವೂ ತಿಂದು ಚದುರಿದ ಮೇಲೆ ಅತ್ತೆ ಸೆರಗಿನಲ್ಲಿ ಉಳಿಸಿಕೊಂಡ ಕಡೆಯ ಹಿಡಿಯನ್ನು ಬಗ್ಗಿ ನೀರಿಗೆ ಸುರಿದು, "ಬಾರೋ ಬಾ... ಬಾರೋ ಬಾ..." ಎಂದು ಕರೆಯುತ್ತಿದ್ದಳು. ನಮ್ಮ ಯಾರನ್ನೂ ಆಕೆ ಆ ದನಿಯಲ್ಲಿ ಕರೆದವಳಲ್ಲ. ಆಗ ಬರುತ್ತಿತ್ತು ಅದು, ಮದುವೆಮನೆಯಲ್ಲಿ ಕಡೆಯ ಪಂಕ್ತಿಗೆ ಕೂರುವ ಹಿರಿಯರ ಹಾಗೆ.

ಹೊಳೆ ಕೆಟ್ಟಿದ್ದು ಒಂದೇ ಸಲಕ್ಕಲ್ಲ. ಕೆಳಗೆ ಕನ್ನಂಬಾಡಿ ಕಟ್ಟೆಯಾದ ಮೇಲೆ ದೂರದಿಂದ ಏರಿ ಬರುತ್ತಿದ್ದ ಮೀನುಗಳ ದಾರಿ ಮುಚ್ಚಿತು ಎಂದು ಊರಿನ ಹಿರಿಯರು ಹೇಳುತ್ತಿದ್ದರು, ಅದು ನಾನು ಕಂಡದ್ದಲ್ಲ. ನಾನು ಕಂಡದ್ದು ಮರಳಿನ ಲಾರಿಗಳನ್ನು. ಅತ್ತೆ ಒಂದು ಮಂಕರಿ ಮರಳಿಗೆ ಕೈ ಮುಗಿಯುತ್ತಿದ್ದ ದಡದಿಂದ ಲಾರಿಗಟ್ಟಲೆ ಮರಳು ಯಾರಿಗೂ ಕೈ ಮುಗಿಯದೆ ಹೋಯಿತು. ನಮ್ಮ ಮನೆಯ ತಾರಸಿಗೂ ಅದೇ ಮರಳು, ಸುಳ್ಳೇಕೆ ಹೇಳಲಿ. ಮೇಲಿನ ಸೀಮೆಯಿಂದ ಕಾಫಿ ಹಣ್ಣು ತೊಳೆದ ನೀರು, ಊರೂರಿನ ಮೋರಿ, ಹೊಲಗದ್ದೆಯ ಔಷಧಿ ಎಲ್ಲ ಸೇರಿ ಬೇಸಿಗೆಯಲ್ಲಿ ಮಡು ಹಸಿರುಗಟ್ಟತೊಡಗಿತು. ಒಂದು ವರ್ಷವಂತೂ ಹೊಳೆ ಹರಿಯುವುದನ್ನೇ ಬಿಟ್ಟು ಗುಂಡಿ ಗುಂಡಿಯಾಗಿ ನಿಂತಿತು. ಆ ಬೇಸಿಗೆಯ ಮೊದಲ ಮಳೆ ದಡದ ಕೊಳೆಯನ್ನೆಲ್ಲ ಗುಡಿಸಿ ತಂದು ಮಡುವಿಗೆ ಹಾಕಿತು. ಮಾರನೆಯ ಬೆಳಿಗ್ಗೆ ನೀರು ಕಾಣಲಿಲ್ಲ. ಹೊಟ್ಟೆ ಮೇಲಾದ ಮೀನುಗಳೇ ಕಂಡವು.

ಅವತ್ತು ಊರಿನಲ್ಲಿ ಒಲೆ ಹಚ್ಚಲಿಲ್ಲ. ಸತ್ತ ಮನೆಯಲ್ಲಿ ಮಾಡುವಂತೆ ಎಲ್ಲರೂ ತಲೆಗೆ ನೀರು ಹಾಕಿಕೊಂಡರು. ಮಂಕರಿಗಳಲ್ಲಿ ಹೊತ್ತು ತಂದು ಗುಡಿಯ ಹಿಂದಿನ ಹೊಂಗೆಮರದ ಕೆಳಗೆ ಮಣ್ಣು ಮಾಡಿದರು. ಅತ್ತೆ ಪ್ರತಿ ಮಂಕರಿಯನ್ನೂ ತಡೆದು ಬಾಲ ನೋಡಿ ಬಿಡುತ್ತಿದ್ದಳು. ದೊಡ್ಡಯ್ಯ ಅದರಲ್ಲಿರಲಿಲ್ಲ. ಸಂಜೆ ಮಡುವಿನ ಒಂದು ಬಂಡೆಯ ಬುಡದಲ್ಲಿ ಅದು, ಅದರ ಜೊತೆಗೆ ನಾಲ್ಕಾರು ಸಣ್ಣವು ಜೀವಂತವಾಗಿ ಕಂಡಾಗ ಆಕೆ ಮೆಟ್ಟಿಲ ಮೇಲೆ ಕುಸಿದು ಕೂತು ಬಾಯಿಬಿಟ್ಟು ಅತ್ತಳು. ನಾನು ಆಕೆ ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ನಮ್ಮಲ್ಲಿ ಹೊಸನೀರು ಬಂದಾಗ ಹೊಳೆಗೆ ಮಡಿಲು ತುಂಬುವ ಪದ್ಧತಿಯಿದೆ. ಕೊಡಗಿನಲ್ಲಿ ಹುಟ್ಟಿ ಸಮುದ್ರಕ್ಕೆ ಹೊರಟ ಮಗಳು, ದಾರಿಯಲ್ಲಿ ನಮ್ಮೂರೂ ಒಂದು ತವರು. ಬರಿಮಡಿಲಲ್ಲಿ ಕಳಿಸಬಾರದೆಂದು ಅಕ್ಕಿ, ಕಾಯಿ, ಬೆಲ್ಲ, ಅರಿಸಿನದ ಕೊಂಬು ಬಿಡುತ್ತೇವೆ. ಆ ವರ್ಷ ಅತ್ತೆ ಹರಕೆ ಹೊತ್ತಳು, ಅಕ್ಕಿಯ ಬದಲು ಮೀನಿನ ಮರಿಯನ್ನೇ ಹೊಳೆಯ ಮಡಿಲಿಗೆ ಹಾಕುತ್ತೇನೆ ಎಂದು. ಊರಿಗೆಲ್ಲ ಆ ಮಾತು ಹಿಡಿಸಿತು, ನನಗೂ.

ಕೆರೆ ಗುತ್ತಿಗೆಯವರಿಗೆ ಮೀನುಮರಿ ಮಾರುವವನೊಬ್ಬ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಬರುತ್ತಿದ್ದ. ಅತ್ತೆ ಅವನನ್ನು ಜಗಲಿಯಲ್ಲಿ ಕೂರಿಸಿ ಪುರಿ ಕೊಟ್ಟು ವಿಚಾರಿಸಿದಳು. ಬಿಳಿಮೀನಿನ ಮರಿ ಅವನ ಹತ್ತಿರ ಇರಲಿಲ್ಲ. ಕಾಟ್ಲಾ ಇತ್ತು, ರೋಹು ಇತ್ತು, ನೋಡಲು ಚೆನ್ನಾಗಿದ್ದವು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ನೀರ್ ಕೆಟ್ರೆ ಸಾಯ್ತವಾ?"

"ಅವು ಸಾಯ್ತವೆ ಕಣಮ್ಮ. ಆದ್ರೆ ಇವು ನೋಡಿ, ಇವುನ್ನ ಸಾಯ್ಸೋಕೂ ಆಗಲ್ಲ" ಎಂದು ಅವನು ಇನ್ನೊಂದು ಚೀಲ ಎತ್ತಿ ತೋರಿಸಿದ. ಮೀಸೆಯಿರುವ ಕಪ್ಪು ಮರಿಗಳು. ಕ್ಯಾಟ್‌ಫಿಶ್ ಎಂದ. "ಕೆಸರಲ್ಲೂ ಬದುಕ್ತವೆ. ಏನ್ ಹಾಕಿದ್ರೂ ತಿಂತವೆ."

ಒಂದು ಇಡೀ ಮಡುವನ್ನು ಮಣ್ಣು ಮಾಡಿ ಬಂದ ಹೆಂಗಸು ಬೇರೆ ಯಾವುದನ್ನು ಆರಿಸಿಕೊಂಡಾಳು? ಸಾಯದಿರುವುದನ್ನೇ ಆರಿಸಿಕೊಂಡಳು. ಅಲ್ಲಿದ್ದ ನಮಗೆ ಯಾರಿಗೂ ಬೇರೆ ಯೋಚನೆ ಬರಲಿಲ್ಲ. ಹೊಸನೀರು ಬಂದ ದಿನ ಚೀಲಗಳಿಗೆ ಅರಿಸಿನ ಕುಂಕುಮ ಇಟ್ಟು, ಹಿತ್ತಾಳೆ ಬಿಂದಿಗೆಗೆ ಸುರಿದು, ಹೆಂಗಸರೆಲ್ಲ ಸೋಬಾನೆ ಹೇಳುತ್ತಾ ಮಡುವಿಗೆ ಬಿಟ್ಟೆವು. ಅತ್ತೆ ಹೊಸ ಸೀರೆ ಉಟ್ಟಿದ್ದಳು. ಕೆಂಪುನೀರಿನಲ್ಲಿ ಕಪ್ಪು ಮರಿಗಳು ಕರಗಿ ಹೋದವು.

ಬೇಗ ಬೆಳೆದವು. ಪುರಿ ಎರಚಿದರೆ ಮಡು ಕುದಿಯುವಂತೆ ಮೇಲೇಳುತ್ತಿದ್ದವು. ನೋಡಲು ಜನವೂ ಹೆಚ್ಚಾಯಿತು, ಭಾನುವಾರ ಕಾರುಗಳು ನಿಂತವು. ಅತ್ತೆಯ ಭಟ್ಟಿಗೆ ಬಿಡುವಿಲ್ಲ. "ನೋಡ್ದಾ, ತಾಯಿ ಮಡ್ಲು ತುಂಬ್ತು" ಎಂದು ಬೀಗುತ್ತಿದ್ದಳು. ದೊಡ್ಡಯ್ಯ ಮಾತ್ರ ಇನ್ನೂ ದೂರದಲ್ಲೇ ನಿಲ್ಲುತ್ತಿತ್ತು. ಜೊತೆಗಿದ್ದ ಸಣ್ಣವು ಒಂದೊಂದಾಗಿ ಕಾಣೆಯಾದವು. ಎಲ್ಲೋ ಮೇಲಕ್ಕೆ ಹೋಗಿರಬೇಕು ಅಂದುಕೊಂಡೆವು. ಕಪ್ಪೆಗಳ ವಟಗುಟ್ಟುವಿಕೆಯೂ ಕಡಿಮೆಯಾಗಿತ್ತು, ಅದನ್ನೂ ಯಾರೂ ಗಮನಿಸಲಿಲ್ಲ...

ಕಟ್ಟೆಯ ಕೆಳಗೆ ಬಲೆ ಹಾಕುತ್ತಿದ್ದ ಅಣ್ಣ ಒಬ್ಬರಿದ್ದರು, ಬಲೆಯಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಒಂದು ಮಧ್ಯಾಹ್ನ ಅವರು ಮುತ್ತುಗದ ಎಲೆಯಲ್ಲಿ ಏನನ್ನೋ ಮುಚ್ಚಿಕೊಂಡು ಅತ್ತೆಯ ಜಗಲಿಗೆ ಬಂದರು. ನಾನು ಅಲ್ಲೇ ಕೂತು ಪುರಿ ಹಸನು ಮಾಡುತ್ತಿದ್ದೆ.

"ಅವ್ವಾ, ಬೇಜಾರ್ ಮಾಡ್ಕಬ್ಯಾಡಿ. ನೀವ್ ಬುಟ್ಟ ಮೀನು ಒಂದು ಕಟ್ಟೆಯಿಂದ ಇಳ್ದು ಬಲೆಗ್ ಬಿದ್ದಿತ್ತು. ಒಟ್ಟೆ ಕುಯ್ದೆ..." ಎಂದು ಎಲೆ ಬಿಚ್ಚಿದರು.

ಬೆರಳುದ್ದದ ಬಿಳಿಮೀನಿನ ಮರಿಗಳು. ಅರಿಸಿನ ಕೆಂಪು ರೆಕ್ಕೆ ಇನ್ನೂ ಕರಗಿರಲಿಲ್ಲ. ಆ ಕೆಟ್ಟ ಬೇಸಿಗೆಯನ್ನು ದಾಟಿ ಉಳಿದ ಮೀನುಗಳು ಮರಿ ಮಾಡಿದ್ದವು. ಹೊಳೆ ತನ್ನ ಮಡಿಲನ್ನು ತಾನೇ ತುಂಬಿಕೊಳ್ಳುತ್ತಿತ್ತು. ನಾವು ತುಂಬಿದ್ದು ಅದನ್ನು ತಿನ್ನುತ್ತಿತ್ತು. ಅತ್ತೆ ಎಲೆಯನ್ನು ನೋಡಿದಳು, ಬಲೆಯಣ್ಣನನ್ನು ನೋಡಿದಳು, ಆಮೇಲೆ ಎದ್ದು ಒಳಗೆ ಹೋಗಿ ಭಟ್ಟಿಯ ಬೆಂಕಿಗೆ ನೀರು ಸುರಿದಳು. ಆ ಹೊಗೆಯಲ್ಲಿ ಆಕೆಯ ಮುಖ ನನಗೆ ಕಾಣಲಿಲ್ಲ.

ಮಾರನೆಯ ದಿನವೇ ಗುಡಿಯ ಜಗಲಿಯಲ್ಲಿ ಹಿರೀಕರನ್ನು ಸೇರಿಸಿದಳು. ಮಡುವಿಗೆ ಬಲೆ ಹಾಕಲು ಬಿಡಿ, ಕರಿಮೀನನ್ನೆಲ್ಲ ತೆಗೆಸೋಣ ಎಂದು ಸೆರಗೊಡ್ಡಿ ಬೇಡಿಕೊಂಡಳು. ಹಿರೀಕರು ಕೆಟ್ಟವರಲ್ಲ. ಅವರಿಗೂ ಸಂಕಟವಾಯಿತು. ಆದರೆ ದೇವರ ಮಡು.

"ಅಲ್ಲ ಕಣತ್ತೆ, ದ್ಯಾವ್ರಿಗೆ ಕೊಟ್ಟುದ್ದ ಇಂದಕ್ ಇಸ್ಕಳಕಾದದಾ?" ಎಂದರು ಒಬ್ಬರು. "ಮಗಳ್ ಮಡ್ಲಿಗ್ ಆಕಿದ್ ಅಕ್ಕಿನ ಯಾರಾರೂ ಕಿತ್ಕತಾರಾ? ನೀವೇ ಯೋಳಿ."

ಪುರಿಯತ್ತೆ ಒಡ್ಡಿದ್ದ ಸೆರಗನ್ನು ಹಿಂದಕ್ಕೆ ಎಳೆದುಕೊಂಡು ಎದ್ದಳು. ಅದು ಆಕೆಯದೇ ಮಾತಾಗಿತ್ತು.

ಕೆಲವು ದಿನ ಭಟ್ಟಿ ಹಚ್ಚಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಮರಳಿನ ವಾಸನೆ ಬಂತು. ಹೋಗಿ ನೋಡಿದರೆ ಉಪ್ಪಿಲ್ಲದ ಪುರಿ ಮೂಟೆ ಕಟ್ಟುತ್ತಿದ್ದಾಳೆ. "ಇಡ್ಕ ಆ ಕಡೆ, ಬಾ" ಎಂದಳು. ಇಬ್ಬರೂ ಹೊತ್ತುಕೊಂಡು ಹೊರಟೆವು. ಗುಡಿಯ ಮೆಟ್ಟಿಲು ದಾಟಿದರೂ ನಿಲ್ಲಲಿಲ್ಲ. ಕಟ್ಟೆಯ ಕೆಳಕ್ಕೆ ಇಳಿದಳು. ಅಲ್ಲಿ ಕಟ್ಟೆಯ ಕಲ್ಲು ಕಿತ್ತು ನೀರು ಧುಮುಕುವ ಒಂದು ಸಂದಿಯಿತ್ತು. ಅದರ ಬಾಯಿಗೆ ಪುರಿ ಎರಚಿ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದಳು.

"ಮಡೂಗೆ ಬಲೆ ಆಕ್ಬ್ಯಾಡಿ ಅಂದ್ರು. ಸರಿ, ಆಕಲ್ಲ. ಅವಾಗ್ ಅವೇ ಇಳ್ದು ಬಂದ್ರೆ? ಆಚೆಗೋದ್ರೆ ಸಾರು ತಾನೆ?"

ಎಷ್ಟೋ ದಿನಗಳ ಮೇಲೆ ಆಕೆ ನಕ್ಕಿದ್ದಳು. ನಾನೂ ನಕ್ಕೆ. ಎಷ್ಟು ಚೆಂದದ ಉಪಾಯ ಅನ್ನಿಸಿತು... ಆಗ.

ಮಡುವಿನಲ್ಲಿ ಪುರಿ ಹಾಕುವುದನ್ನು ನಿಲ್ಲಿಸಿದಳು. ಗುಡಿಗೆ ಬಂದವರಿಗೂ ಕೆಳಗೇ ಹಾಕಿ ಎಂದು ದಾರಿ ತೋರಿಸಿದಳು. ಕರಿಮೀನುಗಳು ಬಾಯಿಚಪಲದವು, ಬೇಗ ಕಲಿತವು. ದಿನವೂ ಸಂದಿಯಿಂದ ಇಳಿದು ಬರತೊಡಗಿದವು. ಬಲೆಯಣ್ಣ ಎಳೆದೆಳೆದು ಗುಡ್ಡೆ ಹಾಕಿದರು. ಬೇಡ ಎಂದ ಹಿರೀಕರ ಮನೆಗಳಿಂದಲೂ ಮೀನುಮಸಾಲೆಯ ಘಮ ಬರುತ್ತಿತ್ತು. ಅತ್ತೆ ಮಾತ್ರ ಆ ಮೀನನ್ನು ಬಾಯಿಗಿಡಲಿಲ್ಲ. ಎಲ್ಲ ಮುಗಿದು ಮಡು ತಿಳಿಯಾದ ದಿನ ದೊಡ್ಡಯ್ಯನಿಗೆ ಒಂದು ಮೂಟೆ ಪುರಿ ಎಂದು ಹೇಳಿಕೊಂಡಿದ್ದಳು.

ಹಾಗಿರುವಾಗ ಒಂದು ದಿನ ಕಟ್ಟೆಯ ಕೆಳಗೆ ನಿಂತಿದ್ದೆವು, ಬಿಸಿಲಿತ್ತು. ಮಂಕರಿ ತುಂಬುವಷ್ಟು ಮೀನು ಬಿದ್ದಿದ್ದಕ್ಕೆ ಅತ್ತೆ ಹುರುಪಿನಲ್ಲಿದ್ದಳು. ಸೆರಗಿನ ಕಡೆಯ ಹಿಡಿಯನ್ನು ನೀರಿಗೆ ಸುರಿದು, ಅಭ್ಯಾಸಬಲದಿಂದ ಕರೆದಳು. "ಬಾರೋ ಬಾ... ಬಾರೋ ಬಾ..." ಬಲೆಯಣ್ಣ ಬಲೆ ಬೀಸಿದರು.

ಅದು ಪುರಿಗೆ ಬಂತೋ, ದನಿಗೆ ಬಂತೋ, ನನಗೆ ಇವತ್ತಿಗೂ ತಿಳಿಯದು. ಬಲೆ ದಡಕ್ಕೆ ಬರುವಾಗ ಕರಿಮೈಗಳ ನಡುವೆ ಹೊನ್ನಿನ ಬಣ್ಣ ಹೊರಳಿತು. ಬಾಲದ ಕಚ್ಚು ಮೊದಲು ಕಂಡದ್ದು ನನಗೆ. ಬಲೆಯಣ್ಣ ಹಗ್ಗ ಕೈಬಿಟ್ಟು ನೀರಿಗೆ ಇಳಿದರು. ಅದನ್ನು ಬಿಡಿಸಿ ಎರಡೂ ಕೈಯಲ್ಲಿ ಆಸರೆ ಕೊಟ್ಟು, ಹರಿಯುವ ನೀರಿಗೆ ಬಾಯಿ ಕೊಟ್ಟು ಹಿಡಿದರು. ತುಂಬ ಹೊತ್ತು ಹಿಡಿದರು. ಕಿವಿರು ಒಂದು ಸಲ ತೆರೆಯಿತು, ಇನ್ನೊಂದು ಸಲ... ಆಮೇಲೆ ತೆರೆಯಲಿಲ್ಲ. ಅತ್ತೆ ಸೊಂಟದ ನೀರಿನಲ್ಲಿ ನಿಂತು ಅದರ ಬೆನ್ನು ಸವರುತ್ತಿದ್ದಳು.

ಬಲೆಯಣ್ಣ ಆಕೆಯನ್ನು ಸಮಾಧಾನ ಮಾಡಲು ಹೋಗಿ, "ಕಟ್ಟೆ ಆಚೆಗ್ ಬಂದ್ಬುಡ್ತಲ್ಲವ್ವಾ ಅದು..." ಎಂದರು.

"ಅದು ಬರ್ನಿಲ್ಲ ಕಣಪ್ಪ" ಎಂದಳು ಅತ್ತೆ. "ನಾನ್ ಕರ್ದೆ."

ಹೊಂಗೆಮರದ ಕೆಳಗೆ ಅದನ್ನೂ ಮಣ್ಣು ಮಾಡಿದೆವು. ಅವತ್ತು ಯಾರ ಮನೆಯ ಒಲೆಯೂ ನಿಲ್ಲಲಿಲ್ಲ. ಒಂದು ಮೀನು ತಾನೆ. ಅತ್ತೆ ಭಟ್ಟಿಯ ಮರಳನ್ನು ಬಿಸಿ ಆರುವ ಮುಂಚೆಯೇ ಮಂಕರಿಗೆ ತುಂಬಿ ಹೊಳೆಗೆ ಒಪ್ಪಿಸಿ ಬಂದಳು. ಹೊಸ ಮರಳು ತರಲಿಲ್ಲ. ಕೆಳಗೆ ಪುರಿ ಹಾಕುವವರಿಲ್ಲದೆ ಉಳಿದ ಕರಿಮೀನು ಮಡುವಿನಲ್ಲೇ ಬೀಡುಬಿಟ್ಟು ಮತ್ತೆ ತುಂಬಿಕೊಂಡವು.

ಆಮೇಲೂ ಕೆಲವು ವರ್ಷ ಇದ್ದಳು, ಜಗಲಿಯ ಮೇಲೆ, ಹೊಳೆಗೆ ಬೆನ್ನು ಹಾಕಿ. ಬಯ್ಯುವುದನ್ನು ಬಿಟ್ಟಿದ್ದಳು, ಅದೇ ನನಗೆ ತಡೆಯಲಾಗದಿದ್ದದ್ದು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಗಂಜಿ ಕುಡಿಸುತ್ತಿದ್ದಾಗ ಇದ್ದಕ್ಕಿದ್ದ ಹಾಗೆ, "ಕರಿಯವುಕ್ಕೂ ಒಂದಿಡಿ ಆಕು ಆಗಾಗ" ಎಂದಳು. ನಾನು ಸಿಟ್ಟಿನಿಂದ, ಆ ದರಿದ್ರದವಕ್ಕಾ ಎಂದೆ. "ಅವೂ ತಾವಾಗ್ ಬರ್ನಿಲ್ಲ ಕಣೇ. ನಾನೇ ಸೋಬಾನೆ ಯೋಳ್ಸಿ ಕರ್ಕಬಂದೆ. ಅಸ್ದಿರ್ತವೆ." ನಾನು ಹಾಕಲಿಲ್ಲ. ಆಕೆ ಹೋದ ಮೇಲೂ ಹಾಕಲಿಲ್ಲ. ಗುಡಿಗೆ ಹೋದರೆ ಮಡುವಿನ ಕಡೆ ನೋಡದೆ ತೀರ್ಥ ತಗೊಂಡು ಬರುತ್ತಿದ್ದೆ.

ಮೊನ್ನೆ ಬಸ್ಸು ಇಳಿದವಳು ಮನೆಗೆ ಹೋಗದೆ, ಪುರಿಯ ಪೊಟ್ಟಣ ಹಿಡಿದು ನೆಟ್ಟಗೆ ಮಡುವಿಗೆ ಹೋದೆ. ಮೆಟ್ಟಿಲ ಮೇಲೆ ಯಾರೋ ಊರಿನವರಲ್ಲದ ಹೆಂಗಸು ಮಗುವನ್ನು ಎತ್ತಿಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. "ನೋಡು ಪುಟ್ಟ, ದೇವರ ಮೀನು" ಎಂದಳು. ಕರಿಮೀಸೆಗಳು ನೀರಿನ ಮೇಲೆ ಬಾಯಿ ತೆರೆದು ನಿಂತಿದ್ದವು. ಆ ಮಗುವಿಗೆ ಇನ್ನು ದೇವರ ಮೀನೆಂದರೆ ಇವೇ. ಬೇರೆ ಇದ್ದವು ಎಂದು ಹೇಳಬೇಕೆನಿಸಿತು. ಹೇಳಿ ತೋರಿಸುವುದು ಏನನ್ನು?

ಅವರು ಹೋದ ಮೇಲೆ ಕಡೆಯ ಮೆಟ್ಟಿಲಿಗೆ ಇಳಿದು ಕೂತೆ. ಪುರಿಯನ್ನು ಸೆರಗಿನಲ್ಲಿ ಸುರಿದುಕೊಂಡು, ಗಂಟು ಕಟ್ಟಿ, ನೀರಿನಲ್ಲಿ ಅದ್ದಿ ಅದ್ದಿ ಉಪ್ಪು ಕಳೆದೆ. ಮೆತ್ತಗೆ ಹಿಟ್ಟಿನ ಹಾಗಾಯಿತು. ಇರಲಿ. ಹಿಡಿ ಹಿಡಿಯಾಗಿ ಹಾಕಿದೆ. ಬಂದವು, ಒಂದರ ಮೇಲೊಂದು ಬಿದ್ದು ತಿಂದವು. ಅತ್ತೆ ಹೇಳಿದ್ದು ನಿಜ, ಹಸಿದಿದ್ದವು. ಅವುಗಳ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಆ ಜಾಗದಲ್ಲಿ ದುಃಖವಷ್ಟೇ ಇತ್ತು.

ಎಲ್ಲ ತಿಂದು ಚದುರಿದವು. ಸೆರಗಿನ ಮೂಲೆಯಲ್ಲಿ ಕಡೆಯ ಒಂದು ಹಿಡಿ ಉಳಿದಿತ್ತು, ನನಗೆ ಗೊತ್ತಿಲ್ಲದ ಹಾಗೆ ಕೈ ಅದನ್ನು ಉಳಿಸಿಕೊಂಡಿತ್ತು. ಬಗ್ಗಿ ಅದನ್ನು ನೀರಿಗೆ ಬಿಟ್ಟೆ. ಕರೆಯಲು ಬಾಯಿ ತೆರೆದೆ...

ಕರೆಯಲಿಲ್ಲ.